ಸಂಪನ್ಮೂಲ ವ್ಯಕ್ತಿ

ಫಾರಂ ತುಂಬಿಸಿಕೊಂಡವರು ಕೇಳಿದರು: ಉದ್ಯೋಗ?
ಕುಂಬಾರಗಿತ್ತಿ, ಅಂದೆ.
ಪೆನ್ನು ಒಂದು ಗಳಿಗೆ ನಿಂತು ಆಮೇಲೆ ಬರೆಯಿತು:
ಟಿ. ತಾಯಾರಮ್ಮ, ಸಂಪನ್ಮೂಲ ವ್ಯಕ್ತಿ.
ಪಾನ್ ಕಾರ್ಡಿನ ಜೆರಾಕ್ಸು, ಗೀಟು ಎಳೆದ ಚೆಕ್ಕು,
ಎರಡು ಫೋಟೋ. ಮಣ್ಣು ನಾನೇ ತರಬೇಕು.

ಪಾಟರಿ ಟೌನಿಂದ ಆಟೋದಲ್ಲಿ
ಆರು ಗೋಣಿ ಹೇರಿಕೊಂಡು ಹೋದೆ.
ಮ್ಯೂಸಿಯಂ ಗೇಟಿನಲ್ಲಿ ಬ್ಯಾಗು ತಪಾಸಣೆ ಮಾಡುವವನು
ಮೊಣಕೈವರೆಗೂ ಮಣ್ಣಿಗೆ ಕೈ ಇಳಿಸಿ
ಏನೂ ಸಿಗದೆ ಪ್ಯಾಂಟಿಗೆ ಒರೆಸಿಕೊಂಡ.

ಏಪ್ರಿಲ್ಲಿನ ಹತ್ತು ದಿನ. ಇಪ್ಪತ್ತಾರು ಮಕ್ಕಳು.
ಮೊದಲ ದಿನ ಯಾರೂ ಮುಟ್ಟಲಿಲ್ಲ.
ಎದುರಿಗೆ ಗಂಗರ ಕಾಲದ್ದಂತೆ, ಒಂದು ವೀರಗಲ್ಲು,
ಅದರ ಬುಡದಲ್ಲಿ 'ದಯವಿಟ್ಟು ಮುಟ್ಟಬೇಡಿ'.
ಬೋರ್ಡು ಓದಿದ ಮಕ್ಕಳು
ನನ್ನ ಮಣ್ಣಿಗೂ ಅದನ್ನೇ ಹಚ್ಚಿ ಸುಮ್ಮನೆ ಕೂತವು.
ಒಬ್ಬ ಸ್ಯಾನಿಟೈಸರು ಕೇಳಿದ.
ಮುದ್ದೆ ಮುರಿದಿದ್ದೀರೇನ್ರೋ ಯಾರಾದರೂ, ಅಂದೆ.
ಇಬ್ಬರು ಕೈಯೆತ್ತಿದರು.
ಅವರಿಂದ ಶುರು.

ಆಮೇಲೆ ತಡೆಯುವವರು ಯಾರು?
ಲಿಫ್ಟಿನೊಳಗೆ ಅಜ್ಜಿ. ಮೆಟ್ರೋ ಕಂಬ, ಮೇಲೆ ರೈಲಿಲ್ಲ.
ಬಾಗಿಲೇ ಇಲ್ಲದ ಮನೆ, ಬೀಗದ ತಾಪತ್ರಯ ಬೇಡವಂತೆ.
ಮುಂದಿನ ಹಲ್ಲು ಅಲ್ಲಾಡುತ್ತಿದ್ದ ನೈದಿಲೆ
ನಾಲಗೆಯಿಂದ ಅದನ್ನು ತಳ್ಳಿ ತಳ್ಳಿ ನೋಡುತ್ತ
ಆನೆ ಮಾಡಿದಳು.
ಕೊನೆಯ ದಿನ ಅದರ ಹೊಟ್ಟೆಯನ್ನು
ಎಂಟು ಸಲ ಬಿಚ್ಚಿದಳು, ಎಂಟು ಸಲ ಮುಚ್ಚಿದಳು.
ಯಾಕಮ್ಮ ಅಂದರೆ ಬಾಯಿ ಬಿಡಲಿಲ್ಲ.

ಜೂನಿನಲ್ಲಿ ಹೋದೆ, ಚೆಕ್ಕಿಗೆ, ಮೂರನೇ ಸಲ.
ಮುಂದಿನ ವಾರ, ಅಂದರು.
ಮೇಲಿನ ಸಭಾಂಗಣದಲ್ಲಿ ಉಪನ್ಯಾಸ:
'ಸಂರಕ್ಷಣೆ, ಕಾಲ ಮತ್ತು ನಾವು.'
ಐವತ್ತು ಕುರ್ಚಿ, ಹದಿಮೂರು ಜನ, ಹೊರಗೆ
ಐವತ್ತು ಜನಕ್ಕೂ ಮಿಕ್ಕುವ ಬೋಂಡ.
ಮೈಕು ಒಂದೊಂದು ಮಾತನ್ನೂ ಎರಡೆರಡು ಸಲ ಹೇಳುತ್ತಿತ್ತು.
ಕಚೇರಿಯ ಸುನೀತಿ ಮೇಡಂ ಕಪಾಟು ತೆಗೆದರು:
ಯಾರೂ ಒಯ್ಯದ ಹದಿನೇಳು ಗೊಂಬೆ, ಸುಡದವು.
ಇಟ್ಟುಕೊಂಡರೆ ರಿಜಿಸ್ಟರಿಗೆ ಏರಿಸಬೇಕು,
ಎಸೆಯೋಕೆ ಮನಸ್ಸಿಲ್ಲ, ನೀವೇ ಹೇಳಿ.

ಹೇಳುವುದೇನು.
ಸುಟ್ಟರೆ ಸ್ವಂತ, ಸುಡದಿದ್ದರೆ ಕೈಗಡ:
ನಮ್ಮತ್ತೆಯ ಲೆಕ್ಕ ಅದು.
ಬೋಂಡದ ಖಾಲಿ ರಟ್ಟಿನ ಡಬ್ಬಿಗೆ ಪೇಪರು ಹಾಸಿ
ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ.
ನನಗೊಂದು ಪಿಂಕ್ ಟಿಕೇಟು ಕೊಟ್ಟ ಕಂಡಕ್ಟರು.
ಲಿಫ್ಟಿನಲ್ಲಿದ್ದ ಅಜ್ಜಿಗೂ ಒಂದು ಹರಿಯಬೇಕಿತ್ತು.

ತೊಟ್ಟಿಯಲ್ಲಿ ಮೊದಲು ಕರಗಿದ್ದು ಮೆಟ್ರೋ ಕಂಬ.
ಅಜ್ಜಿ ಸ್ವಲ್ಪ ತಡೆದಳು, ಲಿಫ್ಟು ಹೋದ ಮೇಲೂ.
ಮೂರು ದಿನ ಬಿಟ್ಟು, ನೀರು ಬಸಿದು,
ಗಣಪನ ಸೊಂಡಿಲಿಗೆ ಈ ಸಲ ಹದ ಚೆನ್ನಾಗಿದೆ ಅಂದುಕೊಂಡು
ತುಳಿಯುತ್ತಿದ್ದಾಗ ಹಿಮ್ಮಡಿಗೆ ಏನೋ ಚುಚ್ಚಿತು.
ಕಲ್ಲೆಂದು ತೆಗೆದೆ. ತೊಳೆದೆ.
ಅಕ್ಕಿಕಾಳಿಗಿಂತ ತುಸು ದಪ್ಪ, ಬಿಳಿ,
ಬುಡದಲ್ಲಿ ಕಂಡೂ ಕಾಣದಷ್ಟು ಕಂದು ಕಲೆ.

ಓಹೋ, ಎಂಟು ಸಲ ಬಿಚ್ಚಿ ಮುಚ್ಚಿದ್ದು ಇದಕ್ಕೆ.

ಮೇಡಮ್ಮಿಗೆ ಫೋನು ಮಾಡಹೋಗಿ ಕಟ್ ಮಾಡಿದೆ.
ಅವರ ರಿಜಿಸ್ಟರಿನಲ್ಲಿ
ಕಾಲ, ಮಾಧ್ಯಮ, ದೊರೆತ ಸ್ಥಳ ಅಂತ ಮನೆಗಳಿವೆ.
ಮೂರಕ್ಕೂ ಉತ್ತರ ನನಗೆ ಗೊತ್ತು,
ಆದರೂ.

ಹಿಂದಿನ ಬೀದಿಯ ಹಸುವಿನ ಸಗಣಿ ಒಂದು ಚಿಟಿಕೆ ತಂದು
ಹಲ್ಲನ್ನು ಒಳಗಿಟ್ಟು ಉಂಡೆ ಕಟ್ಟಿದೆ.
ಯಾರಾದರೂ ನೋಡುತ್ತಾರಾ ಅಂತ ಆ ಕಡೆ ಈ ಕಡೆ ನೋಡಿ
(ಅರವತ್ತೊಂದು ತುಂಬಿದ ಹೆಂಗಸು)
ಶೀಟಿನ ಮಾಡಿನ ಮೇಲಕ್ಕೆ ಬೀಸಿ ಎಸೆದೆ.
ತಪ್ ಎಂದು ಕೂತಿತು, ಉರುಳಲಿಲ್ಲ.

ಚೆಕ್ಕು ಇನ್ನೂ ಬಂದಿಲ್ಲ.
ಹಲ್ಲು ಬಂದಿರಬೇಕು.